ನೀವು ಕೇಳಿದ್ರಿ: ಊರ ನಡುವಿನ ಹೊಳೆ 830 ವರ್ಷ ಗಡಿಯಾಗಿತ್ತು

ಕಳೆದ ಸಂಚಿಕೆ ಕೊನೇ ಪುಟದಲ್ಲಿ ಒಂದು ಜಲಪಾತದ ಫೋಟೊ ಹಾಕಿ ಕೆಳಗೆ ನಾಕೇ ನಾಕು ಸಾಲು ಬರೆದಿದ್ದೆ, ವೇಲ್ಸ್‌ನ ಲ್ಹಾನ್‌ರೈಆದರ್-ಅಮ್-ಮೊಖ್ನಾಂಟ್ ಅನ್ನೋ ಸಣ್ಣ ಊರಿಂದ ನಾಲ್ಕು ಮೈಲಿ ಮೇಲಕ್ಕೆ ಹೋದ್ರೆ ಇದು ಸಿಗುತ್ತೆ, ನಾನು ಇಂಗ್ಲೆಂಡಿನ ಶ್ರೂಸ್‌ಬರಿಯಲ್ಲಿ ಕೆಲಸಕ್ಕಿದ್ದಾಗ ರಜೆ ಸಿಕ್ಕಾಗೆಲ್ಲ ಇಲ್ಲಿಗೇ ಹೋಗ್ತಿದ್ದೆ, ವೇಲ್ಸ್ ಜನರ ವೆಲ್ಶ್ ಭಾಷೆನ ಉಳಿಸಿದ್ದೂ ಈ ಊರೇ ಅಂತ. ಅಷ್ಟಕ್ಕೇ ಇಷ್ಟೊಂದು ಪತ್ರ, ಮೇಲ್, ವಾಟ್ಸಾಪ್ ಬಂದಿದ್ದು ನೋಡಿ ತುಂಬಾ ಖುಷಿ ಆಯ್ತು. ಹಂಗಾಗಿ ಈ ಸಲದ ಅಂಕಣ ಪೂರ್ತಿ ಆ ಊರಿಗೇ.

ಪ್ರ: ಆ ಊರಿನ ಹೆಸರು ಓದೋಕೇ ಮೂರು ಸಲ ಬೇಕಾಯ್ತು. ಅದಕ್ಕೆ ಏನಾದ್ರೂ ಅರ್ಥ ಇದ್ಯಾ? ಹೆಂಗೆ ಉಚ್ಚಾರ ಮಾಡೋದು?
— ಒಬ್ಬ ಓದುಗರು, ತಿಪಟೂರು

ಉ: ಅರ್ಥ ಖಂಡಿತ ಇದೆ, ಬಿಡಿಸಿ ಓದಿದ್ರೆ ಭಾರಿ ಸುಲಭ. "ಲ್ಹಾನ್" ಅಂದ್ರೆ ಮೊದಮೊದಲು ಬೇಲಿ ಹಾಕಿದ ಜಾಗ ಅಂತಷ್ಟೇ ಇತ್ತು, ಆಮೇಲೆ ಅಂಥ ಬೇಲಿಯೊಳಗೆ ಯಾರೋ ಸಂತರು ಬಂದು ನೆಲೆಸಿ ಚರ್ಚ್ ಕಟ್ಕೊಂಡು ಅದರ ಸುತ್ತ ಮನೆಗಳು ಬೆಳೆದು ಕೊನೆಗೆ ಚರ್ಚಿಗೂ ಊರಿಗೂ ಅದೇ ಹೆಸರು ನಿಂತ್ಕೊಂಡ್ತು. ವೇಲ್ಸ್‌ನಲ್ಲಿ ಇಂಥ ಲ್ಹಾನ್‌ಗಳು ನೂರಾರಿವೆ, ಹೆಚ್ಚಿನವುಕ್ಕೆ ಹಿಂದೆ ಸಂತರ ಹೆಸರು ಸೇರ್ಕೊಂಡಿರುತ್ತೆ. ಈ ಊರಿನ ಚರ್ಚ್ ಕೂಡ ಸಂತ ದೊಗ್‌ವಾನ್ ಅವರದ್ದೇ, ಆದ್ರೆ ಹೆಸರಿನಲ್ಲಿ ಮಾತ್ರ ಸಂತರ ಬದಲು ಜಲಪಾತ ಕೂತಿದೆ. "ರೈಆದರ್" ಅಂದ್ರೆ ಜಲಪಾತ. ಉತ್ತರಕ್ಕೆ ಇನ್ನೊಂದು ಲ್ಹಾನ್‌ರೈಆದರ್ ಇರೋದ್ರಿಂದ ಇದು ಮೊಖ್ನಾಂಟ್ ಸೀಮೆಯದ್ದು ಅಂತ ಗುರುತಿಗೆ "ಅಮ್ ಮೊಖ್ನಾಂಟ್". ನಿಜವಾಗ್ಲೂ ಆ ಪದ "ಅನ್", ಅಂದ್ರೆ "ಅಲ್ಲಿ", ಮುಂದೆ ಮಕಾರ ಬಂತು ಅಂತ "ಅಮ್" ಆಗಿದೆ. ನಮ್ಮ ಸಂಧಿ ಥರಾನೇ, ವೆಲ್ಶ್ ತುಂಬಾ ಇದೇ ಆಟ, ಪದದ ಮೊದಲಕ್ಷರಾನೇ ಬದಲಾಗಿಬಿಡುತ್ತೆ, ಡಿಕ್ಷನರಿ ತೆಗೆದು ಹುಡುಕೋರಿಗೆ ಶುರುನಲ್ಲಿ ತಲೆ ಕೆಡುತ್ತೆ.

ಇನ್ನು "ಮೊಖ್ನಾಂಟ್". ಮೊಖ್ ಅಂದ್ರೆ ಹಂದಿ, ನಾಂಟ್ ಅಂದ್ರೆ ಹಳ್ಳ, ಸೋ ಹಂದಿಹಳ್ಳ. ಇದಕ್ಕೆ ವೆಲ್ಶ್ ಜನರ ಹಳೇ ಕಥೆಗಳಾದ ಮಬಿನೋಗಿಯಲ್ಲಿ ಒಂದು ಪ್ರಸಂಗ ಇದೆ, ಗ್ವಿದಿಯೊನ್ ಅನ್ನೋ ಮಾಂತ್ರಿಕ ದಕ್ಷಿಣದ ರಾಜ ಪ್ರದೇರಿಗೆ ಮಾಯದ ಕುದುರೆ ನಾಯಿ ಎಲ್ಲ ತೋರಿಸಿ ಮೋಸ ಮಾಡಿ ಅವನ ಹಂದಿಗಳನ್ನ ಹೊಡ್ಕೊಂಡು ಉತ್ತರಕ್ಕೆ ಓಡ್ತಾನೆ, ರಾತ್ರಿ ಎಲ್ಲೆಲ್ಲಿ ತಂಗಿದನೋ ಆ ಜಾಗಗಳಿಗೆಲ್ಲ ಮೊಖ್ ಅನ್ನೋ ಹೆಸರು ಬಂತಂತೆ, ಪೊವಿಸ್ ನಾಡಿನ ಮೊಖ್ನಾಂಟ್ ಅದರಲ್ಲೊಂದು. ಆದ್ರೆ ಹಳೇ ವೆಲ್ಶ್‌ನಲ್ಲಿ ಮೊಖ್‌ಗೆ "ಬೇಗ" ಅನ್ನೋ ಅರ್ಥನೂ ಇದೆ, ಹಂಗಾಗಿ ರಭಸದ ಹಳ್ಳ ಅನ್ನೋರೂ ಇದ್ದಾರೆ. ಮಳೆಗಾಲದ ಕೆಂಪು ನೀರು ಊರ ಸೇತುವೆ ಕೆಳಗೆ ನುಗ್ಗೋದು ನೋಡಿದ ಮೇಲೆ ನನಗೆ ಈ ಎರಡನೇದೇ ಸರಿ ಅನ್ಸುತ್ತೆ.

ಉಚ್ಚಾರಕ್ಕೆ: "ಲ" ಅನ್ನೋಕೆ ನಾಲಿಗೆ ಎಲ್ಲಿಡ್ತೀರೋ ಅಲ್ಲೇ ಇಟ್ಟು, ದನಿ ತೆಗೀದೆ ಪಕ್ಕದಿಂದ ಬರೀ ಗಾಳಿ ಬಿಡಿ. ಅದೇ ಅವರ ಲ್ಹ.

ಪ್ರ: ಫೋಟೊದಲ್ಲಿ ಜಲಪಾತದ ನಡುವೆ ಕಲ್ಲಿನ ಸೇತುವೆ ಥರ ಏನೋ ಕಾಣುತ್ತಲ್ಲ, ಯಾರಾದ್ರೂ ಕಟ್ಟಿದ್ದಾ? ಎತ್ತರ ಎಷ್ಟು? ನಾವು ಜೋಗದ ಪಕ್ಕದೋರು, ಅದಕ್ಕೇ ಕೇಳಿದ್ದು.
— ಇಬ್ಬರು ಅಣ್ಣತಮ್ಮಂದಿರು, ಸಾಗರ

ಉ: ಕಟ್ಟಿದ್ದಲ್ಲ, ನೀರೇ ಕೊರೆದಿದ್ದು. ಪಿಸ್ತಿಲ್ ರೈಆದರ್ ಅಂತ ಅದರ ಹೆಸರು, ಎತ್ತರ ಸುಮಾರು 240 ಅಡಿ, ಅಂದ್ರೆ 73 ಮೀಟರ್. ನಿಮ್ಮ ಜೋಗ 253 ಮೀಟರ್, ಹಂಗಾಗಿ ಎತ್ತರದ ಲೆಕ್ಕ ಅಲ್ಲಿಗೆ ಬಿಡೋಣ. ಮೇಲಿಂದ ಕಪ್ಪು ಬಂಡೆ ಮೇಲೆ ಬಿಳೀ ಎಳೆ ಥರ ಉದ್ದಕ್ಕೆ ಇಳಿದು ನಡುವೆ ಒಂದು ಗುಂಡಿಗೆ ಬೀಳುತ್ತೆ, ಆ ಗುಂಡಿ ಮುಂದೆ ಅಡ್ಡಕ್ಕೊಂದು ಬಂಡೆ ಕಮಾನು, ನೀರು ಆ ಕಮಾನಿನ ಕೆಳಗಿನ ತೂತಿನಿಂದ ಚಿಮ್ಮಿ ಮತ್ತೆ ಕೆಳಗಿಳಿಯುತ್ತೆ. ಬ್ರಿಟನ್ನಿನಲ್ಲೇ ಅತಿ ಎತ್ತರದ್ದು ಅಂತ ಕೆಲವು ಕಡೆ ಬರೆದಿರ್ತಾರೆ, ಅದು ಸರಿಯಲ್ಲ, ಸ್ಕಾಟ್ಲೆಂಡಿನಲ್ಲಿ ಇದರ ಎರಡರಷ್ಟಕ್ಕಿಂತ ಎತ್ತರದ್ದು ಇದೆ. ಆದ್ರೆ ವೇಲ್ಸ್‌ನ ಏಳು ಅದ್ಭುತಗಳು ಅಂತ ಒಂದು ಹಳೇ ಪದ್ಯ ಇದೆ, ಸ್ನೋಡನ್ ಬೆಟ್ಟ, ಲ್ಹಾನ್‌ಗೊಲ್ಹೆನ್ ಸೇತುವೆ ಇವುಗಳ ಜೊತೆ ಈ ಜಲಪಾತಕ್ಕೂ ಅದರಲ್ಲಿ ಜಾಗ ಇದೆ.

ಹೆಂಗೆ ಹುಟ್ಟಿತು ಅಂತ ನೋಡಿದ್ರೆ, ಬೆರ್ವಿನ್ ಬೆಟ್ಟಸಾಲಿನ ಕಲ್ಲು 40 ಕೋಟಿ ವರ್ಷಕ್ಕೂ ಹಿಂದಿನದ್ದು, ಸಮುದ್ರದ ತಳದ ಕೆಸರು ಗಟ್ಟಿಯಾಗಿದ್ದು ಒಂದಿಷ್ಟು, ಜ್ವಾಲಾಮುಖಿ ಬೂದಿ ಬಿದ್ದು ಕಲ್ಲಾಗಿದ್ದು ಒಂದಿಷ್ಟು. ಹಿಮಯುಗದಲ್ಲಿ ಹಿಮನದಿ ಮೆತ್ತಗಿನದ್ದನ್ನ ಕೆರೆದು ಕಣಿವೆನ ಆಳ ಮಾಡ್ತು, ಗಟ್ಟಿ ಕಲ್ಲು ಗೋಡೆ ಥರ ನಿಂತುಬಿಡ್ತು. ಮೇಲಿನ ಬಯಲಲ್ಲೆಲ್ಲ ಪೀಟ್ ಮಣ್ಣು, ಅಂದ್ರೆ ಅರೆ ಕೊಳೆತ ಗಿಡಗಳಿಂದ ಆದ ಕಪ್ಪು ಮಣ್ಣು, ಸ್ಪಂಜಿನ ಥರ ನೀರು ಹಿಡ್ಕೊಂಡು ಬಿಡ್ತಾ ಇರುತ್ತೆ, ಅದಕ್ಕೇ ನೀರಿಗೆ ತಿಳಿ ಚಹಾದ ಬಣ್ಣ. ಮೇಲೆ ಆ ಹಳ್ಳದ ಹೆಸರು ದಿಸ್ಗಿನ್ವ, ಇಳಿಯೋ ಜಾಗ ಅನ್ನೋ ಅರ್ಥ, ಬಿದ್ದ ಮೇಲೆ ರೈಆದರ್ ಹೊಳೆ. ಊರು ದಾಟಿ ತನಾತ್ ನದಿ ಸೇರಿ, ಅದು ವಿರ್ನ್ವಿ ಸೇರಿ, ಅದು ಸೆವೆರ್ನ್ ಸೇರುತ್ತೆ. ಶ್ರೂಸ್‌ಬರಿಯಲ್ಲಿ ನನ್ನ ರೂಮಿನ ಹತ್ರಾನೇ ಸೆವೆರ್ನ್ ಹರೀತಿತ್ತು, ಮೊನ್ನೆ ಬೆಟ್ಟದ ಮೇಲೆ ಕಾಲದ್ದಿದ ನೀರು ಇದರಲ್ಲೇ ಎಲ್ಲೋ ಹೋಗ್ತಿದೆ ಅಂತ ಸಂಜೆ ಸೇತುವೆ ಮೇಲೆ ನಿಂತ್ಕೊಂಡು ನೋಡೋದು ಅಭ್ಯಾಸ ಆಗಿತ್ತು.

ಪ್ರ: ಈ ಊರು ಎರಡು ಜಿಲ್ಲೆಗೆ ಹಂಚಿಹೋಗಿತ್ತು ಅಂತ ಗೆಳೆಯರೊಬ್ಬರು ಹೇಳಿದ್ರು. ಒಂದೇ ಊರನ್ನ ಯಾಕೆ ಹಂಗೆ ಮಾಡಿದ್ರು?
— ಒಬ್ಬ ಓದುಗರು, ಬೆಳಗಾವಿ

ಉ: ಇದು ನನಗೆ ತುಂಬಾ ಇಷ್ಟವಾದ ಪ್ರಶ್ನೆ, ಯಾಕಂದ್ರೆ ಇದಕ್ಕೆ ಉತ್ತರ ಹುಡುಕ್ತಾ ಹೋದ್ರೆ 12ನೇ ಶತಮಾನಕ್ಕೆ ಹೋಗಿ ನಿಲ್ತೀವಿ.

ಪೊವಿಸ್ ಅನ್ನೋದು ಆಗ ಒಂದು ರಾಜ್ಯ. ಅದನ್ನ ಇಡಿಯಾಗಿ ಆಳಿದ ಕೊನೇ ರಾಜ ಮಾದೊಗ್ ಅಪ್ ಮರೆದಿದ್ 1160ರಲ್ಲಿ ತೀರ್ಕೊಂಡ. ವೇಲ್ಸ್‌ನಲ್ಲಿ ಹಿರಿಮಗನಿಗೇ ಎಲ್ಲ ಅನ್ನೋ ಪದ್ಧತಿ ಇರಲಿಲ್ಲ, ಅವನ ಮಕ್ಕಳು, ಅವನ ತಮ್ಮ, ಇನ್ನೊಬ್ಬ ಸೋದರನ ಮಗ ಎಲ್ಲ ಪಾಲು ಹಾಕ್ಕೊಂಡ್ರು. 1165ರಲ್ಲಿ ಇಂಗ್ಲೆಂಡಿನ ಎರಡನೇ ಹೆನ್ರಿ ದೊಡ್ಡ ಸೈನ್ಯ ತಗೊಂಡು ಇದೇ ಬೆರ್ವಿನ್ ಬೆಟ್ಟ ಹತ್ತಿ ಬಂದ, ಆಗಸ್ಟಿನ ಮಳೆಗೆ ಸಿಕ್ಕಿ, ತಿನ್ನೋಕೂ ಇಲ್ಲದೆ ಹಿಂದಕ್ಕೆ ಹೋದ, ಆ ದಾರಿಗೆ ಈಗಲೂ ಇಂಗ್ಲಿಷರ ದಾರಿ ಅಂತಾನೇ ಹೆಸರು. ಮರುವರ್ಷ, 1166ರಲ್ಲಿ, ಮೊಖ್ನಾಂಟ್ ಸೀಮೆ ಮಾದೊಗ್‌ನ ತಮ್ಮ ಯೊರ್ವೆರ್ತ್ ಗೊಖ್ ಕೈಯಲ್ಲಿತ್ತು, ಅವನನ್ನ ಮಾದೊಗ್‌ನ ಮಗ ಓವೈನ್ ವಖಾನ್ ಮತ್ತು ಇನ್ನೊಬ್ಬ ಓವೈನ್ (ಇವನು ಕವಿನೂ ಹೌದು, ಓವೈನ್ ಕವೇಲಿಯೊಗ್ ಅಂತಾರೆ) ಇಬ್ಬರೂ ಸೇರಿ ಓಡಿಸಿ, ಸೀಮೆನ ಹೊಳೆಗುಂಟ ಎರಡು ಭಾಗ ಮಾಡ್ಕೊಂಡ್ರು. ಹೊಳೆಗೆ ಮೇಲಿನದ್ದು ಇವನಿಗೆ, ಕೆಳಗಿನದ್ದು ಅವನಿಗೆ.

ಆಮೇಲೆ ಆ ರಾಜರೂ ಹೋದ್ರು, 1282-83ರಲ್ಲಿ ಮೊದಲನೇ ಎಡ್ವರ್ಡ್ ವೇಲ್ಸ್ ಪೂರ್ತಿ ಗೆದ್ದುಕೊಂಡ, ಕೆಳಗಿನ ಭಾಗ ಚರ್ಕ್ ಕೋಟೆಯ ಜಹಗೀರಿಗೆ ಹೋಯ್ತು, ಆದ್ರೆ ಆ ಗೆರೆ ಮಾತ್ರ ಅಳಿಸಲಿಲ್ಲ. 1536ರಲ್ಲಿ ಎಂಟನೇ ಹೆನ್ರಿ ಕಾಯ್ದೆ ಮಾಡಿ ಜಿಲ್ಲೆಗಳನ್ನ ಮಾಡಿದಾಗ ಅದೇ ಗೆರೆ ಹಿಡಿದು ಒಂದು ದಡ ಡೆನ್‌ಬಿಶೈರಿಗೆ, ಇನ್ನೊಂದು ದಡ ಮಾಂಟ್‌ಗೊಮರಿಶೈರಿಗೆ. 1974ರಲ್ಲಿ ಜಿಲ್ಲೆಗಳ ಹೆಸರು ಬದಲಾಯ್ತು, ಗಡಿ ಅಲ್ಲೇ. 1996ರಲ್ಲಿ ಮಾತ್ರ ಊರೆಲ್ಲ ಒಟ್ಟಿಗೆ ಪೊವಿಸ್ ಅನ್ನೋ ಜಿಲ್ಲೆಗೆ ಸೇರ್ತು. ಲೆಕ್ಕ ಹಾಕಿ, 1166ರಿಂದ 1996, ಪೂರಾ 830 ವರ್ಷ. ಇಬ್ಬರು ದಾಯಾದಿಗಳು ಒಂದು ವರ್ಷ ಹಾಕಿದ ಗೆರೆ, ಅವರ ರಾಜ್ಯ, ಅವರ ವಂಶ, ಅವರ ಕೋಟೆ ಯಾವುದೂ ಉಳೀಲಿಲ್ಲ, ಇದು ಉಳೀತು.

ಆದ್ರೆ ಪ್ಯಾರಿಷ್, ಅಂದ್ರೆ ಒಂದು ಚರ್ಚಿಗೆ ಸೇರಿದ ಸೀಮೆ, ಅದು ಮಾತ್ರ ಯಾವತ್ತೂ ಒಂದೇ ಆಗಿತ್ತು. ಕರ ಕಟ್ಟೋಕೆ ಕೋರ್ಟಿಗೆ ಎರಡು ಬೇರೆ ಬೇರೆ ಜಿಲ್ಲೆ, ನಾಮಕರಣ ಮದುವೆ ಮಣ್ಣು ಮೂರಕ್ಕೂ ಒಂದೇ ದೊಗ್‌ವಾನ್ ಚರ್ಚ್. ಹೊಳೆಯ ಎರಡೂ ದಡದೋರು ಕೊನೆಗೆ ಒಂದೇ ಅಂಗಳದಲ್ಲಿ ಅಕ್ಕಪಕ್ಕ ಮಲಗಿದ್ದಾರೆ.

ಪ್ರ: ವೆಲ್ಶ್ ಭಾಷೆನ ಉಳಿಸಿದ್ದು ಈ ಊರು ಅಂತ ಬರೆದಿದ್ರಿ. ಒಂದು ಹಳ್ಳಿ ಹೆಂಗೆ ಭಾಷೆ ಉಳಿಸುತ್ತೆ? ಸ್ವಲ್ಪ ಜಾಸ್ತಿ ಆಯ್ತು ಅನ್ನಿಸ್ತು.
— ನಿವೃತ್ತ ಕನ್ನಡ ಮೇಷ್ಟ್ರು, ಧಾರವಾಡ

ಉ: ಸರ್, ಜಾಸ್ತಿ ಆಗಿಲ್ಲ ಅಂತ ನನಗೆ ಈಗಲೂ ಅನ್ಸುತ್ತೆ, ಕೇಳಿ.

ಮೇಲೆ ಹೇಳಿದ 1536ರ ಕಾಯ್ದೆನೇ ಇನ್ನೊಂದು ಕೆಲಸ ಮಾಡ್ತು, ವೇಲ್ಸ್‌ನ ಕೋರ್ಟು ಕಚೇರಿ ಎಲ್ಲ ಇಂಗ್ಲಿಷಿನಲ್ಲೇ, ಬರೀ ವೆಲ್ಶ್ ಗೊತ್ತಿದ್ದೋರಿಗೆ ಸರ್ಕಾರಿ ಹುದ್ದೆ ಇಲ್ಲ ಅಂತು. ಜನಕ್ಕೋ ಇಂಗ್ಲಿಷ್ ಬರ್ತಿರಲಿಲ್ಲ. ಆಮೇಲೆ ಚರ್ಚಿನಲ್ಲಿ ಲ್ಯಾಟಿನ್ ಹೋಗಿ ಇಂಗ್ಲಿಷ್ ಬಂತು, ಅದೂ ಅರ್ಥ ಆಗ್ತಿರಲಿಲ್ಲ. 1563ರಲ್ಲಿ ಪಾರ್ಲಿಮೆಂಟು ಬೈಬಲ್ಲನ್ನ ವೆಲ್ಶ್‌ಗೆ ಮಾಡಿಸಿ, ಪ್ರತಿ ಚರ್ಚಿನಲ್ಲೂ ಇಂಗ್ಲಿಷ್ ಬೈಬಲ್ ಪಕ್ಕದಲ್ಲಿ ಇಡಬೇಕು ಅಂತ ಕಾಯ್ದೆ ತಂತು. ಪಕ್ಕದಲ್ಲಿ ಯಾಕೆ? ಎರಡನ್ನೂ ಹೋಲಿಸಿ ನೋಡಿ ಜನ ಬೇಗ ಇಂಗ್ಲಿಷ್ ಕಲೀಲಿ ಅಂತ! 1567ರ ಮಾರ್ಚ್ 1ರೊಳಗೆ ಮುಗಿಸಿ ಅಂತ ಗಡುವು ಇತ್ತು, ಹೊಸ ಒಡಂಬಡಿಕೆ, ಅಂದ್ರೆ ಬೈಬಲ್ಲಿನ ಎರಡನೇ ಭಾಗ, ಮಾತ್ರ ಅದೇ ವರ್ಷ ಬಂತು, ಅದರ ಮುಖ್ಯ ಅನುವಾದಕರು ವಿಲಿಯಂ ಸಾಲ್ಸ್‌ಬರಿ ಮಹಾ ಪಂಡಿತರು, ಆದ್ರೆ ಪದದ ಲ್ಯಾಟಿನ್ ಮೂಲ ಕಣ್ಣಿಗೆ ಕಾಣ್ಲಿ ಅಂತ ಸ್ಪೆಲಿಂಗ್‌ನ ಅವರದ್ದೇ ರೀತಿಯಲ್ಲಿ ಬರೆದುಬಿಟ್ರು, ಚರ್ಚಿನಲ್ಲಿ ಜೋರಾಗಿ ಓದೋರ ನಾಲಿಗೆ ಹೊರಳಲಿಲ್ಲ.

ಈಗ ನಮ್ಮ ಊರಿಗೆ ಬರೋಣ. 1578ರಲ್ಲಿ ಲ್ಹಾನ್‌ರೈಆದರಿಗೆ ವಿಲಿಯಂ ಮಾರ್ಗನ್ ಅಂತ ಪಾದ್ರಿ ಬಂದ್ರು. 1545ರಲ್ಲಿ ಪೆನ್ಮಖ್ನೊ ಹತ್ರ ಒಬ್ಬ ಗೇಣಿ ರೈತನ ಮನೇಲಿ ಹುಟ್ಟಿದೋರು, ಕೇಂಬ್ರಿಡ್ಜಿನ ಸೇಂಟ್ ಜಾನ್ಸ್ ಕಾಲೇಜಲ್ಲಿ ಓದಿ ಹೀಬ್ರೂ ಗ್ರೀಕ್ ಎರಡನ್ನೂ ಅರಗಿಸಿಕೊಂಡಿದ್ರು. ಈ ಮೂಲೆ ಊರಲ್ಲಿ, ಹತ್ರದಲ್ಲೊಂದು ಲೈಬ್ರರಿ ಇಲ್ಲ, ಇಡೀ ವೇಲ್ಸ್‌ನಲ್ಲಿ ಕಾನೂನುಬದ್ಧವಾದ ಪ್ರೆಸ್ ಇಲ್ಲ, ಕೂತು ಹಳೇ ಒಡಂಬಡಿಕೆ ಪೂರ್ತಿ ಮೂಲದಿಂದ ವೆಲ್ಶ್‌ಗೆ ತಂದ್ರು, ಸಾಲ್ಸ್‌ಬರಿ ಅವರ ಹೊಸ ಒಡಂಬಡಿಕೆನೂ ತಿದ್ದಿದ್ರು. ನೆಮ್ಮದಿಯಾಗಿ ಕೂತು ಮಾಡಿದ ಕೆಲಸ ಅಲ್ಲ ಇದು. ಅದೇ ವರ್ಷಗಳಲ್ಲಿ ಪಕ್ಕದ ಜಮೀನ್ದಾರನೊಬ್ಬನ ಜೊತೆ ದೊಡ್ಡ ಜಗಳ ಹತ್ಕೊಂಡು ಲಂಡನ್ನಿನ ಸ್ಟಾರ್ ಚೇಂಬರ್ ಕೋರ್ಟಿನ ತನಕ ಹೋಯ್ತು, ಪಾದ್ರಿ ನಿಲುವಂಗಿ ಒಳಗೆ ಪಿಸ್ತೂಲ್ ಇಟ್ಕೊಂಡು ಓಡಾಡ್ತಾರೆ ಅನ್ನೋ ಮಾತು ಕೂಡ ಬಂತು. ಬೈಬಲ್ಲಿನ ಮೊದಲ ಐದು ಪುಸ್ತಕಕ್ಕೇ ಕೈಬಿಡ್ತಿದ್ದೆ, ಆರ್ಚ್‌ಬಿಷಪ್ ವಿಟ್‌ಗಿಫ್ಟ್ ಬೆನ್ನಿಗೆ ನಿಂತಿದ್ದಕ್ಕೆ ಮುಂದುವರೀತು ಅಂತ ಅವರೇ ಬರ್ಕೊಂಡಿದ್ದಾರೆ. ಲಂಡನ್ನಿನ ಅಚ್ಚುಮೊಳೆ ಜೋಡಿಸೋರಿಗೆ ವೆಲ್ಶ್ ಒಂದಕ್ಷರ ಬರ್ತಿರಲಿಲ್ಲ, ಹಂಗಾಗಿ ಸುಮಾರು ಒಂದು ವರ್ಷ ಲಂಡನ್ನಿನಲ್ಲೇ ಇದ್ದು ಪ್ರೂಫ್ ನೋಡಿದ್ರು, ಉಳಿಯೋಕೆ ಜಾಗ ಕೊಟ್ಟಿದ್ದು ವೆಸ್ಟ್‌ಮಿನ್‌ಸ್ಟರಿನ ಡೀನ್ ಗೇಬ್ರಿಯಲ್ ಗುಡ್‌ಮನ್, ಅವರೂ ವೇಲ್ಸ್‌ನ ರಿಥಿನ್ ಊರಿನೋರೇ. 1588ರಲ್ಲಿ ಪುಸ್ತಕ ಬಂತು.

ಅವರು ಬರೆದಿದ್ದು ಬೀದಿ ಮಾತಲ್ಲ, ತಲೆತಲಾಂತರದಿಂದ ವೆಲ್ಶ್ ಕವಿಗಳು ಹದಗೊಳಿಸಿದ್ದ ಭಾಷೆ, ಆದ್ರೆ ಓದಿದ್ರೆ ಕಿವಿಗೆ ಹಿತ ಆಗೋ ಹಂಗೆ. ಉತ್ತರದೋರ ಮಾತು ದಕ್ಷಿಣದೋರ ಮಾತು ಬೇರೆ ಬೇರೆ ಇದ್ರೂ ಎಲ್ಲರಿಗೂ ಒಂದೇ ಬರವಣಿಗೆ ಸಿಕ್ತು, ಪ್ರತಿ ಭಾನುವಾರ ಪ್ರತಿ ಊರಲ್ಲೂ ಅದೇ ಭಾಷೆ ಕೇಳಿಸ್ತು. 1620ರಲ್ಲಿ ಅದನ್ನ ಪರಿಷ್ಕರಿಸಿದ್ರು, 1630ರಲ್ಲಿ ಮನೇಲಿ ಇಟ್ಕೊಳ್ಳೋ ಅಂಥ ಸಣ್ಣ ಬೈಬಲ್ ಬಂತು. 18ನೇ ಶತಮಾನದಲ್ಲಿ ಗ್ರಿಫಿತ್ ಜೋನ್ಸ್ ಅವರ ಊರೂರು ಸುತ್ತೋ ಶಾಲೆಗಳಲ್ಲಿ ಕೂಲಿಗಳು, ಮುದುಕರು, ಮಕ್ಕಳು ಅಕ್ಷರ ಕಲಿತಿದ್ದು ಈ ಭಾಷೆಯಿಂದಲೇ. ಇಂಗ್ಲಿಷ್ ಕಲಿಸೋಕೆ ಅಂತ ಪಕ್ಕದಲ್ಲಿ ಇಡಿಸಿದ ಪುಸ್ತಕ ಜನಕ್ಕೆ ತಮ್ಮ ಭಾಷೆನೇ ಓದೋಕೆ ಕಲಿಸ್ತು. ಇದೇ ದ್ವೀಪಗಳ ಕಾರ್ನಿಶ್ ಭಾಷೆಗೆ ಇಂಥ ಬೈಬಲ್ ಸಿಗಲಿಲ್ಲ, ಅದು 18ನೇ ಶತಮಾನದ ಕೊನೆ ಹೊತ್ತಿಗೆ ಜನರ ಬಾಯಿಂದ ಹೋಯ್ತು. 2021ರ ಜನಗಣತಿಯಲ್ಲಿ ವೆಲ್ಶ್ ಬರುತ್ತೆ ಅಂದೋರು ಸುಮಾರು 5 ಲಕ್ಷ 38 ಸಾವಿರ, ಶೇಕಡ 17.8. ಕಮ್ಮಿನೇ, ಒಪ್ತೀನಿ, ಆದ್ರೆ ಊರಿನ ಅಂಗಡಿಯಲ್ಲಿ ಹಾಲು ಬ್ರೆಡ್ ತಗೊಳೋಕೆ ನಿಂತಾಗ ಹಿಂದಿಂದ ಇಬ್ಬರು ಮಕ್ಕಳು ವೆಲ್ಶ್‌ನಲ್ಲಿ ಜಗಳ ಆಡ್ತಿದ್ದಿದ್ದು ನಾನು ಕೇಳಿದೀನಿ. ಮಕ್ಕಳು ಜಗಳ ಆಡೋ ಭಾಷೆ ಸತ್ತಿರಲ್ಲ ಸರ್.

ಮಾರ್ಗನ್ ಅವರು 1595ರಲ್ಲಿ ಲ್ಹಾಂದಾಫ್‌ಗೆ, 1601ರಲ್ಲಿ ಸೇಂಟ್ ಆಸಫ್‌ಗೆ ಬಿಷಪ್ ಆಗಿ, 1604ರ ಸೆಪ್ಟೆಂಬರ್‌ನಲ್ಲಿ ತೀರ್ಕೊಂಡ್ರು, ಬಡವರಾಗೇ.

ಪ್ರ: ಅಲ್ಲಿನ ಕುರಿ ಸಾಕಣೆ ಬಗ್ಗೆ ಬರೀರಿ. ಬೆಟ್ಟಕ್ಕೆ ಬೇಲಿ ಇಲ್ಲದಿದ್ರೆ ಕುರಿ ತಪ್ಪಿಸ್ಕೊಳ್ಳಲ್ವಾ?
— ಕುರಿ ಸಾಕೋ ಮನೆಯವರು, ಚಳ್ಳಕೆರೆ

ಉ: ಅವರಲ್ಲಿ ಒಂದು ಪದ ಇದೆ, "ಕನೇವಿನ್". ತಾಯಿಕುರಿ ಮೇಯ್ದ ಬೆಟ್ಟದ ತುಂಡಲ್ಲೇ ಮರಿನೂ ಮೇಯ್ದು ಬೆಳೆದು, ಅದೇ ತನ್ನ ಜಾಗ ಅಂತ ಕಲ್ತುಬಿಡುತ್ತೆ, ಬೇಲಿ ಇಲ್ಲದಿದ್ರೂ ಬಹುಪಾಲು ಅಲ್ಲೇ ಸುತ್ತುತ್ತೆ. ಹಿಂಡನ್ನ ಒಟ್ಟಿಗೆ ಮಾರಿಬಿಟ್ರೆ ಹೊಸ ಕುರಿಗೆ ಅದನ್ನ ಮತ್ತೆ ಕಲಿಸೋಕೆ ವರ್ಷಗಟ್ಟಲೆ ಬೇಕು. ಮನುಷ್ಯರಿಗೂ ಅವರು ಅದೇ ಪದ ಬಳಸ್ತಾರೆ, ತನ್ನ ನೆಲೆ ಅನ್ನೋ ಅರ್ಥಕ್ಕೆ. ಕಣಿವೆ ತಳದಲ್ಲಿ ಹುಲ್ಲುಗಾವಲು, ಅದರ ಮೇಲೆ ಗೋಡೆ ಕಟ್ಟಿದ ಇಳಿಜಾರು, ಅದಕ್ಕೆ "ಫ್ರೀದ್" ಅಂತಾರೆ, ಅದರ ಮೇಲೆ 832 ಮೀಟರಿನ ಕಾದೈರ್ ಬೆರ್ವಿನ್ ತನಕ ತೆರೆದ ಬೆಟ್ಟ. ಹಿಂದೆ ಬೇಸಿಗೆಗೆ ದನ ಕುರಿ ಹೊಡ್ಕೊಂಡು ಮೇಲಿನ ಮನೆಗೆ, "ಹವೊದ್"ಗೆ ಹೋಗೋದು, ಚಳಿಗೆ ಕೆಳಗಿನ "ಹೆನ್ದ್ರೆ"ಗೆ ಇಳಿಯೋದು. ಆ ಪದ್ಧತಿ ನಿಂತು ಬಹಳ ಕಾಲ ಆಯ್ತು, ಎಷ್ಟೋ ತೋಟದ ಮನೆಗಳಿಗೆ ಹೆಸರು ಮಾತ್ರ ಹಂಗೇ ಇದೆ. ನಾಯಿಗಳ ಬಗ್ಗೆ ಕೇಳಿಲ್ಲ ನೀವು, ಆದ್ರೂ ಹೇಳ್ತೀನಿ, ಬ್ರಿಟನ್ನಿನಲ್ಲಿ ಕುರಿನಾಯಿಗಳ ಮೊದಲ ಸ್ಪರ್ಧೆ 1873ರಲ್ಲಿ ಇದೇ ಬೆಟ್ಟದ ಆಚೆ ಕಡೆ ಬಾಲಾದಲ್ಲಿ ಆಗಿದ್ದು.

ಪ್ರ: ಪಕ್ಕದ ಕಣಿವೆಯ ಊರೊಂದನ್ನ ಡ್ಯಾಮಿಗೆ ಮುಳುಗಿಸಿದ್ರಂತೆ, ಹೌದಾ?
— ಒಬ್ಬ ಓದುಗರು, ಹೊಸನಗರ

ಉ: ಹೌದು, ಲ್ಹಾನ್ವದಿನ್ ಅನ್ನೋ ಊರು, ಬೆಟ್ಟದ ಆಚೆ ವಿರ್ನ್ವಿ ಕಣಿವೆಯಲ್ಲಿ. ಲಿವರ್‌ಪೂಲ್ ನಗರಕ್ಕೆ ಕುಡಿಯೋ ನೀರಿಗೆ ಅಂತ 1881ರಲ್ಲಿ ಕೆಲಸ ಶುರು ಮಾಡಿ 1888ರಲ್ಲಿ ಮುಗಿಸಿದ್ರು, ಬ್ರಿಟನ್ನಿನಲ್ಲಿ ಕಲ್ಲಿನಲ್ಲಿ ಕಟ್ಟಿದ ಮೊದಲ ದೊಡ್ಡ ಅಣೆಕಟ್ಟು. ಚರ್ಚು, ಎರಡು ಪ್ರಾರ್ಥನಾ ಮಂದಿರ, ಮೂರು ಹೋಟ್ಲು, 37 ಮನೆ, 10 ತೋಟದ ಮನೆ ಹೋದ್ವು. ಹಳೇ ಚರ್ಚಂಗಳದ ಹೆಣಗಳನ್ನ ತೆಗೆದು ಹೊಸ ಚರ್ಚಿನ ಹತ್ರ ಮತ್ತೆ ಮಣ್ಣು ಮಾಡಿದ್ರು. ಅಣೆಕಟ್ಟಿನ ಕೆಳಗೆ ಅದೇ ಹೆಸರಲ್ಲಿ ಹೊಸ ಊರು ಇದೆ. ಕೆರೆ ನೋಡೋಕೆ ಚೆನ್ನಾಗಿದೆ ಅಂತ ಎಲ್ಲರೂ ಫೋಟೊ ತಗೋತಾರೆ, ನಾನು ಒಂದೇ ಸಲ ಹೋಗಿದ್ದು, ಮತ್ತೆ ಹೋಗೋ ಮನಸ್ಸಾಗಲಿಲ್ಲ.

ಪ್ರ: ಬೆರ್ವಿನ್ ಬೆಟ್ಟಕ್ಕೆ ಹಾರುವ ತಟ್ಟೆ ಬಿದ್ದಿದ್ದು ನಿಜಾನಾ?
— ಪಿಯುಸಿ ವಿದ್ಯಾರ್ಥಿ, ಹಾಸನ

ಉ: ಇಲ್ಲ ಮರಿ. 1974ರ ಜನವರಿ 23ರ ರಾತ್ರಿ ಅಲ್ಲಿ 3.5 ತೀವ್ರತೆಯ ಭೂಕಂಪ ಆಯ್ತು, ಅದೇ ಹೊತ್ತಿಗೆ ಆಕಾಶದಲ್ಲಿ ಉಲ್ಕೆ ಕಾಣಿಸ್ತು, ಬೆಟ್ಟದ ಮೇಲೆ ಕಳ್ಳಬೇಟೆಯೋರ ಲ್ಯಾಂಪಿನ ಬೆಳಕೂ ಇತ್ತು. ಮೂರೂ ಸೇರಿ ಕಥೆ ಆಯ್ತು.

ಪ್ರ: ನಾನು ಕೆಲಸದ ಮೇಲೆ ಶಿಲ್ಲಾಂಗಿನಲ್ಲಿದ್ದೀನಿ. ಇಲ್ಲಿ ಖಾಸಿ ಜನ ವೇಲ್ಸ್ ಹೆಸರು ಹೇಳ್ತಿರ್ತಾರೆ. ಏನು ಸಂಬಂಧ?
— ಒಬ್ಬ ಕನ್ನಡಿಗರು, ಶಿಲ್ಲಾಂಗ್

ಉ: ಸಂಬಂಧ ಗಟ್ಟಿಯಾಗೇ ಇದೆ. 1810ರಲ್ಲಿ ಮಾಂಟ್‌ಗೊಮರಿಶೈರಿನಲ್ಲಿ, ಅಂದ್ರೆ ನಮ್ಮ ಹೊಳೆಯ ಒಂದು ದಡದ ಜಿಲ್ಲೆಯಲ್ಲೇ, ಹುಟ್ಟಿದ ಥಾಮಸ್ ಜೋನ್ಸ್ ಅನ್ನೋ ಮಿಶನರಿ 1841ರ ಜೂನಿನಲ್ಲಿ ಚಿರಾಪುಂಜಿಗೆ ಬಂದ್ರು. ಅದಕ್ಕೆ ಮುಂಚೆ ಖಾಸಿ ಭಾಷೆನ ಬಂಗಾಳಿ ಲಿಪಿಯಲ್ಲಿ ಬರೆಯೋ ಪ್ರಯತ್ನ ಆಗಿತ್ತು, ಇವರು ರೋಮನ್ ಲಿಪಿ ಹಾಕಿದ್ರು, ಅದೂ ವೆಲ್ಶ್ ಅಕ್ಷರಮಾಲೆ ಮನಸ್ಸಲ್ಲಿಟ್ಕೊಂಡು. ಖಾಸಿ ಅಕ್ಷರಮಾಲೆ ಯಾರನ್ನಾದ್ರೂ ಕೇಳಿ ನೋಡಿ, "ಜಿ" ಆದ ತಕ್ಷಣ "ಎನ್‌ಜಿ" ಅನ್ನೋ ಜೋಡಿ ಅಕ್ಷರ ಬರುತ್ತೆ, ವೆಲ್ಶ್‌ನಲ್ಲೂ ಅದೇ ಕ್ರಮ. "ಬಿ" ಆದ ಮೇಲೆ ವೆಲ್ಶ್‌ನ "ಸಿ" ಜಾಗದಲ್ಲಿ ಖಾಸಿಗೆ "ಕೆ". ವೇಲ್ಸ್ ರಾಷ್ಟ್ರಗೀತೆಯ ಧಾಟಿಗೇ ಖಾಸಿ ಜನ ತಮ್ಮ ನಾಡಗೀತೆ ಹಾಡ್ತಾರೆ. ಜೂನ್ 22 ಅಲ್ಲಿ ಥಾಮಸ್ ಜೋನ್ಸ್ ದಿನ, ನೀವು ಅಲ್ಲೇ ಇರೋದ್ರಿಂದ ನೋಡಿ ಬರೀರಿ, ಇಲ್ಲೇ ಹಾಕೋಣ.

ಪ್ರ: ನಾವು ಬ್ರಿಸ್ಟಲ್‌ನಲ್ಲಿದ್ದೀವಿ, ಅಪ್ಪ ಅಮ್ಮ ಊರಿಂದ ಬರ್ತಿದ್ದಾರೆ. ವಯಸ್ಸಾದೋರನ್ನ ಕರ್ಕೊಂಡು ಹೋಗಬಹುದಾ? ಏನೇನು ನೋಡೋದು?
— ಒಬ್ಬ ಓದುಗರು, ಬ್ರಿಸ್ಟಲ್

ಉ: ಧಾರಾಳವಾಗಿ ಹೋಗಿ, ಆದ್ರೆ ಕಾರಲ್ಲೇ ಹೋಗಿ. ತನಾತ್ ಕಣಿವೆಗೆ 1904ರಲ್ಲಿ ಒಂದು ಸಣ್ಣ ರೈಲು ಬಂದಿತ್ತು, ಸ್ಲೇಟು, ಕಲ್ಲು, ಕುರಿ ಸಾಗಿಸೋಕೆ, 1951ಕ್ಕೇ ಪ್ರಯಾಣಿಕರ ರೈಲು ನಿಂತುಹೋಯ್ತು. ಈಗ ಹತ್ರದ ಸ್ಟೇಷನ್‌ಗಳಲ್ಲಿ ಒಂದು ಗೊಬೊವೆನ್. ಊರಿಂದ ಜಲಪಾತದ ತನಕ ನಾಲ್ಕು ಮೈಲಿ ಒಂದೇ ಗಾಡಿ ಹೋಗೋವಷ್ಟು ರೋಡು, ಎದುರಿಗೆ ಟ್ರ್ಯಾಕ್ಟರ್ ಬಂದ್ರೆ ನೀವೇ ಹಿಂದಕ್ಕೆ ತಗೊಳ್ಳಿ. ಬುಡದಿಂದಾನೇ ಜಲಪಾತ ಪೂರ್ತಿ ಕಾಣುತ್ತೆ, ಅಪ್ಪ ಅಮ್ಮ ಹತ್ತೋದು ಬೇಡ. ಟೈಮ್ ಇದ್ರೆ ಪಕ್ಕದ ಕಣಿವೆಯ ಪೆನ್ನಾಂಟ್ ಮೆಲಾಂಗೆಲ್ಹ್‌ಗೂ ಹೋಗಿ, ಬೇಟೆನಾಯಿಗಳಿಂದ ತಪ್ಪಿಸ್ಕೊಂಡು ಬಂದ ಮೊಲನ ತನ್ನ ಬಟ್ಟೆಯೊಳಗೆ ಬಚ್ಚಿಟ್ಟ ಮೆಲಾಂಗೆಲ್ಹ್ ಅನ್ನೋ ಸಂತ ಮಹಿಳೆಯ ಚರ್ಚ್ ಅಲ್ಲಿದೆ, ಅಂಗಳದಲ್ಲಿ ಭಾರಿ ಹಳೇ ಯೂ ಮರಗಳು. ಆ ಕಡೆ ಮೊಲಕ್ಕೆ ಮೆಲಾಂಗೆಲ್ಹ್‌ನ ಕುರಿಮರಿ ಅಂತಾರೆ.

ಲ್ಹಾನ್‌ರೈಆದರಲ್ಲಿ ಮಾತ್ರ ಜಲಪಾತ ನೋಡಿ ಹಂಗೇ ವಾಪಸ್ ಬರಬೇಡಿ, ಹೆಚ್ಚಿನವರು ಅದನ್ನೇ ಮಾಡ್ತಾರೆ. ದೊಗ್‌ವಾನ್ ಚರ್ಚಿನ ಒಳಗೆ ಒಂದು ಕಲ್ಲಿನ ಹಾಸು ನಿಲ್ಲಿಸಿದ್ದಾರೆ, 9 ಅಥವಾ 10ನೇ ಶತಮಾನದ್ದು, ಶಿಲುಬೆ ಸುತ್ತ ಹೆಣೆದ ಹಗ್ಗದಂಥ ಕೆತ್ತನೆ. ಅದರ ಮೇಲಿನ ಲ್ಯಾಟಿನ್ ಅಕ್ಷರಗಳನ್ನ ಎಡೆಲ್‌ಸ್ತಾನನ ಮಗ ಗೂಗಾನ್ ಅಂತ ಓದ್ತಾರೆ. ಮಗನದ್ದು ವೆಲ್ಶ್ ಹೆಸರು, ಅಪ್ಪನದ್ದು ಇಂಗ್ಲಿಷ್ ಹೆಸರು. ಆ ಹೊಳೆ ಗಡಿ ಆಗೋಕೆ ಇನ್ನೂ ನೂರೈವತ್ತು ವರ್ಷಕ್ಕೂ ಮುಂಚಿನ ಕಲ್ಲು ಅದು.